ಸೇವಾಸಂಸ್ಥೆಯ ಕಛೇರಿ ಸಿಬ್ಬಂದಿಗೆ ಬೆಂಬಲ ಕೂಡಿಸುವ ಬಗೆ

ಸುವಾರ್ತೆ ಸಾರಲು ಹೊರಟವರನ್ನು ಸಭೆಯ ಮುಂದೆ ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿಕೊಡುತ್ತೇವೆ. ಅವರ ಪ್ರಯಾಣದ ಕಾಗದಪತ್ರಗಳನ್ನು ಸಿದ್ಧಪಡಿಸಿದವರು, ಅವರ ಹೆಸರಿಗೆ ಬಂದ ಕಾಣಿಕೆಯನ್ನು ಲೆಕ್ಕಕ್ಕೆ ಹಚ್ಚಿ ರಸೀದಿ ಬರೆದವರು ಆ ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಅನೇಕ ಕ್ರೈಸ್ತ ಸೇವಾಸಂಸ್ಥೆಗಳಲ್ಲಿ ಈ ಇಬ್ಬರೂ ತಮ್ಮ ಜೀವನಾಧಾರಕ್ಕೆ ಬೇಕಾದ ಹಣವನ್ನು ಬೆಂಬಲಿಗರಿಂದ ತಾವೇ ಕೂಡಿಸಿಕೊಳ್ಳಬೇಕಾಗುತ್ತದೆ. ಮೊದಲನೆಯವರಿಗೆ ಹೇಳಿಕೊಳ್ಳಲು ಕಥೆಗಳಿರುತ್ತವೆ. ಎರಡನೆಯವರು ತಮ್ಮ ಕೆಲಸವನ್ನು ಹೇಳಲು ಹೊರಟರೆ ಕೇಳುವವರ ಮುಖದಲ್ಲಿ ಉತ್ಸಾಹ ಕಾಣುವುದಿಲ್ಲ. ಈ ಬರಹ ಆ ಎರಡನೆಯವರಿಗಾಗಿ ಮತ್ತು ಅವರ ಮೇಲಿರುವ ನಾಯಕರಿಗಾಗಿ.

ಕೇಳುವುದಕ್ಕೆ ಮೊದಲು, ಕೇಳುವ ಹಕ್ಕು ತಮಗಿದೆ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗಬೇಕು. ಒಂದನೆಯ ಸಮುವೇಲನ ಮೂವತ್ತನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ದಾವೀದನ ಸಂಗಡ ಇದ್ದ 600 ಮಂದಿಯಲ್ಲಿ 200 ಮಂದಿ ದಣಿದು ಬೆಸೋರ್ ಹಳ್ಳದ ಬಳಿಯಲ್ಲಿಯೇ ಉಳಿದರು. ಉಳಿದ 400 ಮಂದಿ ಅಮಾಲೇಕ್ಯರನ್ನು ಬೆನ್ನಟ್ಟಿ ಗೆದ್ದು ಬಂದರು. ಹಿಂದೆ ಉಳಿದವರಿಗೆ ಕೊಳ್ಳೆಯಲ್ಲಿ ಪಾಲು ಕೊಡಬಾರದೆಂದು ಕೆಲವರು ಹಟ ಹಿಡಿದಾಗ, ಯುದ್ಧಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು ಎಂದು ದಾವೀದನು ನಿಯಮ ಮಾಡಿದನು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ವರಗಳನ್ನು ಎಣಿಸುವಾಗ ನಿರ್ವಹಣೆಯ ವರವನ್ನೂ ಸೇರಿಸುತ್ತಾನೆ. ಅಲ್ಲಿನ ಗ್ರೀಕ್ ಪದಕ್ಕೆ ಹಡಗಿನ ಚುಕ್ಕಾಣಿ ಹಿಡಿಯುವುದು ಎಂಬ ಅರ್ಥವಿದೆ. ರೋಮಾಪುರದವರಿಗೆ ಬರೆದ ಪತ್ರವನ್ನು ಪೌಲನು ಹೇಳಿದಂತೆ ಬರೆದುಕೊಂಡವನು ತೆರ್ತ್ಯ. ಕೊನೆಯ ಅಧ್ಯಾಯದಲ್ಲಿ ಅವನೂ ತನ್ನ ಹೆಸರು ಹೇಳಿ ವಂದನೆ ಕಳುಹಿಸುತ್ತಾನೆ. ನನಗೆ ಆ ಒಂದು ವಾಕ್ಯ ಬಹಳ ಪ್ರಿಯವಾದದ್ದು.

ನಾಯಕರ ಪಾಲಿನ ಕೆಲಸ ಇಲ್ಲಿಂದಲೇ ಆರಂಭವಾಗುತ್ತದೆ. ನೆಹೆಮೀಯನ ಹದಿಮೂರನೆಯ ಅಧ್ಯಾಯದಲ್ಲಿ, ತಮಗೆ ಸಲ್ಲಬೇಕಾದ ಪಾಲು ಸಿಗದೆ ಹೋದದ್ದರಿಂದ ಲೇವಿಯರು ದೇವಾಲಯದ ಕೆಲಸ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು. ನೆಹೆಮೀಯನು ಬಿಟ್ಟುಹೋದವರನ್ನು ಗದರಿಸಲಿಲ್ಲ, ಅಧಿಕಾರಿಗಳನ್ನು ಗದರಿಸಿದನು. ಆಮೇಲೆ ಲೇವಿಯರನ್ನು ಕರೆಸಿ ಅವರವರ ಸ್ಥಳದಲ್ಲಿ ನಿಲ್ಲಿಸಿ, ನಂಬಿಗಸ್ತರೆಂದು ಹೆಸರು ಪಡೆದವರನ್ನು ಉಗ್ರಾಣಗಳ ಮೇಲೆ ನೇಮಿಸಿದನು. ಲೆಕ್ಕ ನೋಡುವವರು ಸದ್ದಿಲ್ಲದೆ ರಾಜೀನಾಮೆ ಕೊಟ್ಟು ಬೇರೆ ಉದ್ಯೋಗಕ್ಕೆ ಹೋದಾಗ, ಅವರಿಗೆ ಕರೆ ಇರಲಿಲ್ಲವೆಂದು ತೀರ್ಮಾನಿಸುವ ಮೊದಲು ನಾಯಕರು ಈ ಅಧ್ಯಾಯವನ್ನು ಓದಬೇಕು. ನಾಯಕರು ಮಾಡಬಹುದಾದದ್ದು ಬಹಳವಿದೆ: ಕಛೇರಿಯ ಕೆಲಸಕ್ಕೆ ಸೇರಿದವರನ್ನೂ ಸಭೆಯ ಮುಂದೆ ಪ್ರತಿಷ್ಠಿಸಿ ಪ್ರಾರ್ಥಿಸುವುದು, ಸಂಸ್ಥೆಯ ಪತ್ರಿಕೆಯಲ್ಲಿ ಅವರ ಹೆಸರನ್ನೂ ಪ್ರಾರ್ಥನಾ ವಿಷಯಗಳನ್ನೂ ಅಚ್ಚು ಹಾಕಿಸುವುದು, ತಾವು ಮಾತಾಡಲು ಹೋದ ಕಡೆ ಅವರನ್ನು ಪರಿಚಯಿಸುವುದು. ವರದಿಗಳಲ್ಲಿ ‘ಆಡಳಿತ ವೆಚ್ಚ ಇಷ್ಟು ಕಡಿಮೆ’ ಎಂದು ಹೆಮ್ಮೆಯಿಂದ ಬರೆಯುವ ರೂಢಿಯನ್ನಂತೂ ಬಿಡಬೇಕು; ಆ ವಾಕ್ಯವನ್ನು ಟೈಪ್ ಮಾಡುವವರೇ ಆ ವೆಚ್ಚ.

ಇನ್ನು ಬೆಂಬಲ ಕೇಳಬೇಕಾದವರ ಮಾತು. ಎರಡು ವಾರಗಳ ಕಾಲ ಒಂದು ಪುಸ್ತಕದಲ್ಲಿ ಪ್ರತಿದಿನ ಮಾಡಿದ ಕೆಲಸವನ್ನು ಎಡಗಡೆಯಲ್ಲಿಯೂ, ಅದು ಯಾರಿಗಾಗಿ ಎಂಬುದನ್ನು ಬಲಗಡೆಯಲ್ಲಿಯೂ ಬರೆಯಿರಿ. ಎಡಗಡೆ ‘ಬ್ಯಾಂಕ್ ಲೆಕ್ಕ ತಾಳೆ ನೋಡಿದ್ದು’ ಎಂದಿದ್ದರೆ ಬಲಗಡೆ ಏನಿರುತ್ತದೆಂದು ನನ್ನ ಅನುಭವದಿಂದ ಹೇಳುತ್ತೇನೆ. ಒಂದು ತಿಂಗಳ ಕೊನೆಯಲ್ಲಿ ಕಳುಹಿಸಿದವರ ಹೆಸರಿಲ್ಲದ ಒಂದು ಮೊತ್ತ ಖಾತೆಗೆ ಬಂದಿತ್ತು. ಹಳೆಯ ವೋಚರ್‌ಗಳನ್ನು ತಿರುವಿಹಾಕಿ, ಹಿಂದೆ ಅದೇ ಮೊತ್ತ ಕಳುಹಿಸುತ್ತಿದ್ದವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ, ಮೂರನೆಯ ದಿನ ಅದರ ಮೂಲ ಹಿಡಿದೆ. ವಯಸ್ಸಾದ ತಾಯಿಯೊಬ್ಬರು ದೂರದ ಸೇವಾಕ್ಷೇತ್ರದಲ್ಲಿದ್ದ ಒಂದು ಕುಟುಂಬಕ್ಕೆಂದು ಕಳುಹಿಸಿದ್ದ ಹಣವದು. ಆ ಕುಟುಂಬವು ಆ ತಿಂಗಳ ಬಾಡಿಗೆಗೆ ಅದನ್ನೇ ಎದುರುನೋಡುತ್ತಿತ್ತು. ‘ಲೆಕ್ಕ ತಾಳೆ ನೋಡುತ್ತೇನೆ’ ಎಂದರೆ ಯಾರೂ ಕಿವಿಗೊಡುವುದಿಲ್ಲ. ಕೊಟ್ಟವರ ಕೈಯಿಂದ ಹೊರಟ ಕಾಣಿಕೆ ದಾರಿ ತಪ್ಪದೆ ಸೇರಬೇಕಾದವರನ್ನು ಸೇರುವಂತೆ ನೋಡಿಕೊಳ್ಳುತ್ತೇನೆ ಎಂದರೆ ಕೇಳುತ್ತಾರೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಲು ಅವಕಾಶವಾಗಬಾರದೆಂದು ಪೌಲನು ಎಷ್ಟು ಎಚ್ಚರ ವಹಿಸಿದನೆಂಬುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿದೆ. ನಿಮ್ಮ ಕೆಲಸ ಆ ಎಚ್ಚರದ ಮುಂದುವರಿಕೆ.

ಕೆಲಸವನ್ನು ಹೇಳಲು ಮಾತು ಸಿಕ್ಕ ಮೇಲೆ ಆಯವ್ಯಯ ಬರೆಯಿರಿ. ಮನೆ, ಊಟ, ಔಷಧ, ಮಕ್ಕಳ ಓದು, ತೆರಿಗೆ, ಮುಪ್ಪಿನ ಕಾಲಕ್ಕೆ ಉಳಿತಾಯ, ಸಭೆಗೆ ಕೊಡುವ ದಶಮಾಂಶ ಎಲ್ಲವೂ ಅದರಲ್ಲಿರಲಿ. ಸಂಕೋಚದಿಂದ ಕಡಿಮೆ ಬರೆದರೆ ಆ ಸಂಕೋಚದ ಬೆಲೆಯನ್ನು ನಿಮ್ಮ ಮನೆಯವರು ತೆರಬೇಕಾಗುತ್ತದೆ. ನಾಯಕರೊಡನೆ ಕುಳಿತು ಅದಕ್ಕೆ ಒಪ್ಪಿಗೆ ಪಡೆದು, ತಿಂಗಳಿಗೆ ಬೇಕಾದ ಮೊತ್ತವನ್ನು 40 ಪಾಲು ಮಾಡಿರಿ. ಯಾರೋ ನಾಲ್ಕು ಪಾಲು ಕೊಡುತ್ತಾರೆ, ಹಲವರು ಒಂದೊಂದು ಪಾಲು ಕೊಡುತ್ತಾರೆ, ಒಂದು ಸಭೆ ಹತ್ತು ಪಾಲು ವಹಿಸಿಕೊಳ್ಳಬಹುದು. ಪೂರ್ತಿ ಮೊತ್ತವನ್ನು ನೋಡಿ ಎದೆಗುಂದುವವರಿಗೆ ಈ ಲೆಕ್ಕ ಧೈರ್ಯ ಕೊಡುತ್ತದೆ.

ಕೇಳುವಾಗ ಎಲ್ಲರಿಗೂ ಒಂದೇ ಪತ್ರ ಕಳುಹಿಸಿ ಸುಮ್ಮನಾಗಬೇಡಿರಿ. ಸಾಧ್ಯವಿದ್ದವರನ್ನೆಲ್ಲ ಮುಖತಃ ಕಾಣಿರಿ. ಯಾವ ಕಾರಣಕ್ಕೆ ಬರುತ್ತಿದ್ದೀರೆಂಬುದನ್ನು ಮೊದಲೇ ಫೋನಿನಲ್ಲಿ ತಿಳಿಸಿರಿ, ಇಲ್ಲದಿದ್ದರೆ ಸ್ನೇಹದ ಭೇಟಿಯೆಂದುಕೊಂಡವರಿಗೆ ಮುಜುಗರವಾಗುತ್ತದೆ. ಕೆಲಸದ ವಿವರ ಹೇಳಿ, ಬಲಗಡೆಯ ಪಟ್ಟಿಯಿಂದ ಒಂದೆರಡು ಸಂಗತಿ ಹೇಳಿ, ‘ತಿಂಗಳಿಗೆ ಇಷ್ಟು ಪಾಲು ವಹಿಸಿಕೊಳ್ಳಲು ನಿಮಗೆ ಆದೀತೇ? ಪ್ರಾರ್ಥನೆ ಮಾಡಿ ಮುಂದಿನ ವಾರ ತಿಳಿಸಿದರೂ ಸಾಕು’ ಎಂದು ನೇರವಾಗಿ ಕೇಳಿ, ಮಾತು ನಿಲ್ಲಿಸಿರಿ. ಆ ಮೌನದಲ್ಲಿ ‘ಆಗದಿದ್ದರೂ ಪರವಾಗಿಲ್ಲ’ ಎಂದು ನೀವೇ ಉತ್ತರ ಕೊಟ್ಟುಬಿಡಬೇಡಿರಿ. ಹೇಳಿದ ದಿನ ಮರೆಯದೆ ಫೋನ್ ಮಾಡಿರಿ.

‘ನಾವು ಕ್ಷೇತ್ರದಲ್ಲಿ ಸಾರುವವರಿಗೆ ಮಾತ್ರ ಕೊಡುತ್ತೇವೆ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ವಾದಕ್ಕೆ ಇಳಿಯದೆ ಒಂದು ಸಂಗತಿ ಹೇಳಿರಿ. ಇಂಗ್ಲೆಂಡಿನಲ್ಲಿ 1792ರಲ್ಲಿ ಬ್ಯಾಪ್ಟಿಸ್ಟರ ಮಿಷನ್ ಸಂಘ ಆರಂಭವಾಗಿ, ಮರುವರ್ಷ ವಿಲಿಯಂ ಕೇರಿ ಭಾರತಕ್ಕೆ ಹೊರಟಾಗ, ಅದರ ಮೊದಲ ಕಾರ್ಯದರ್ಶಿ ಆಂಡ್ರ್ಯೂ ಫುಲ್ಲರ್ ಊರಲ್ಲೇ ಉಳಿದರು. ಆಳವಾದ ಗಣಿಗೆ ಇಳಿಯುವವರಿಗೆ ಮೇಲಿನವರು ಹಗ್ಗ ಹಿಡಿದಿರಬೇಕು ಎಂಬ ಹೋಲಿಕೆಯನ್ನು ಹೇಳಿದವರು ಅವರೇ. ಸಭಾಪಾಲನೆಯ ಜೊತೆಗೆ ಪತ್ರ ಬರೆಯುತ್ತ, ಊರೂರು ತಿರುಗಿ ಹಣ ಕೂಡಿಸುತ್ತ, 1815ರಲ್ಲಿ ತೀರಿಕೊಳ್ಳುವ ತನಕ ಆ ಹಗ್ಗ ಹಿಡಿದೇ ಇದ್ದರು. ಅಷ್ಟಾದರೂ ಒಪ್ಪದಿದ್ದರೆ ಅವರ ತೀರ್ಮಾನವನ್ನು ಗೌರವಿಸಿ, ಪ್ರಾರ್ಥನೆಯ ಸಹಾಯ ಕೇಳಿ ಬನ್ನಿರಿ.

ಬೆಂಬಲಿಗರಾದವರಿಗೆ ಎರಡು ತಿಂಗಳಿಗೊಮ್ಮೆಯಾದರೂ ಪ್ರಾರ್ಥನಾ ಪತ್ರ ಹೋಗಬೇಕು. ಒಂದು ಪುಟ ಸಾಕು. ಕಛೇರಿಯಲ್ಲಿರುವವರಿಗೆ ಇತರರ ಗುಟ್ಟುಗಳು ಗೊತ್ತಿರುವುದರಿಂದ ಇಲ್ಲಿ ವಿಶೇಷ ಎಚ್ಚರ ಬೇಕು: ಯಾರು ಎಷ್ಟು ಕೊಟ್ಟರೆಂಬುದು, ಯಾರ ಬೆಂಬಲ ಕುಸಿದಿದೆಯೆಂಬುದು, ಅಪಾಯವಿರುವ ಕ್ಷೇತ್ರಗಳಲ್ಲಿ ಇರುವವರ ಹೆಸರು ಮತ್ತು ಊರು ಪತ್ರದಲ್ಲಿ ಬರಲೇಬಾರದು. ಸಂಗತಿಯನ್ನು ಬರೆಯುವ ಮೊದಲು ಅದಕ್ಕೆ ಸೇರಿದವರ ಅನುಮತಿ ಕೇಳಿರಿ. ಅದಕ್ಕಿಂತ ಒಳ್ಳೆಯದು, ಕ್ಷೇತ್ರದಲ್ಲಿರುವವರಿಂದಲೇ ನಿಮ್ಮ ಕೆಲಸದ ಬಗ್ಗೆ ನಾಲ್ಕು ಸಾಲು ಬರೆಸಿ ಸೇರಿಸುವುದು. ಅವರ ಒಂದು ಮಾತು ನಿಮ್ಮ ಹತ್ತು ಮಾತುಗಳಿಗಿಂತ ಹೆಚ್ಚು ತೂಗುತ್ತದೆ.

ಕೆಲವು ಸಂಸ್ಥೆಗಳು ಪ್ರತಿಯೊಂದು ಕಾಣಿಕೆಯಿಂದ ನಿಗದಿಯಾದ ಶೇಕಡಾ ಪಾಲನ್ನು ಕಛೇರಿಯ ನಿಧಿಗೆ ತೆಗೆದಿಡುತ್ತವೆ. ಅದು ನ್ಯಾಯವಾದ ಏರ್ಪಾಡು, ಆದರೆ ಕೊಡುವವರಿಗೆ ರಸೀದಿಯಲ್ಲಿಯೇ ತಿಳಿದಿರಬೇಕು. ಅದರಿಂದ ಸಂಬಳದ ಒಂದು ಭಾಗ ಸಿಕ್ಕರೂ ಬೆಂಬಲಿಗರ ಬಳಗವನ್ನು ಬಿಡಬೇಡಿರಿ, ಏಕೆಂದರೆ ನಿಧಿಯು ನಿಮ್ಮ ಹೆಸರು ಹಿಡಿದು ಪ್ರಾರ್ಥಿಸುವುದಿಲ್ಲ.

ಗೊತ್ತುಪಡಿಸಿದ ಅವಧಿಯಲ್ಲಿ 40 ಪಾಲುಗಳಲ್ಲಿ 30 ಮಾತ್ರ ಕೂಡಿದ್ದರೆ ಅದನ್ನು ಮುಚ್ಚಿಟ್ಟುಕೊಂಡು ಸಾಲ ಮಾಡಬೇಡಿರಿ. ಪಟ್ಟಿಯನ್ನು ನಾಯಕರ ಮುಂದಿಟ್ಟು, ಉಳಿದ ಹತ್ತು ಪಾಲಿಗೆ ಯಾವ ಸಭೆಗಳಿಗೆ ಅವರೇ ನಿಮ್ಮನ್ನು ಕರೆದುಕೊಂಡು ಹೋಗುತ್ತಾರೆ, ಅಲ್ಲಿಯವರೆಗೆ ಆ ಕೊರತೆಯನ್ನು ಯಾವ ನಿಧಿಯಿಂದ ತುಂಬುತ್ತಾರೆ ಎಂಬುದನ್ನು ಅದೇ ದಿನ ಬರಹದಲ್ಲಿ ಪಡೆದುಕೊಳ್ಳಿರಿ.