ಕುಟ್ಟಾಣಿಗೆ ಸಿಕ್ಕ ಮಾತ್ರೆ

ಎಂ.ಫಾರ್ಮ್ ಎರಡನೇ ವರ್ಷದಲ್ಲಿ ನನ್ನ ಪಾಲಿಗೆ ಬಂದ ಪ್ರಾಜೆಕ್ಟ್ ಕೇಳಲು ಸುಲಭವಾಗಿಯೇ ಇತ್ತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ 12 ಗಂಟೆಗಳ ಕಾಲ ನಿಧಾನವಾಗಿ ಹೊರಬರುವಂಥ ಮಾತ್ರೆ ಮಾಡಬೇಕು, ಅಷ್ಟೆ. ಆದರೆ ಮೆಟ್‌ಫಾರ್ಮಿನ್ ನೀರು ಕಂಡರೆ ಉಪ್ಪಿನಂತೆ ಕರಗುವ ವಸ್ತು. ಅದನ್ನು ಹಿಡಿದಿಡಲು ಎಚ್‌ಪಿಎಂಸಿ ಎಂಬ ಬಿಳಿ ಪುಡಿಯನ್ನು ಆರಿಸಿಕೊಂಡೆ. ಸೆಲ್ಯುಲೋಸ್‌ನಿಂದ ತಯಾರಾಗುವ ಈ ಪುಡಿ ನೀರು ತಾಗಿದರೆ ಲೋಳೆಯಾಗುತ್ತದೆ.

ಮೊದಲ ದಿನವೇ ಮುಖಭಂಗ. ಎಲ್ಲವನ್ನೂ ಬೆರೆಸಿ ನೀರು ಹಾಕಿ ಕಲಸಿದೆ. ಮುದ್ದೆ ಗಂಟಾದಂತೆ ಹೊರಗೆಲ್ಲ ಅಂಟು, ಒಳಗೆ ಒಣ ಹಿಟ್ಟು. ಜರಡಿ ತೊಳೆಯುವುದರಲ್ಲೇ ಮಧ್ಯಾಹ್ನ ಕಳೆಯಿತು. ಮರುದಿನ ನೀರಿನ ಬದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಪಿವಿಪಿ ಎಂಬ ಅಂಟುಪುಡಿ ಕರಗಿಸಿ ಕಲಸಿದಾಗ ರವೆಯಂಥ ಹರಳು ಬಂತು. ಅದನ್ನು ಅತಿಯಾಗಿ ಒಣಗಿಸಿ ಮತ್ತೆ ಕೆಟ್ಟೆ: ಯಂತ್ರದಿಂದ ಬಿದ್ದ ಮಾತ್ರೆಯನ್ನು ಬೆರಳಿನಿಂದ ಒತ್ತಿದರೆ ತಲೆಯ ಭಾಗ ಟೊಪ್ಪಿಯ ಹಾಗೆ ಕಳಚಿಕೊಳ್ಳುತ್ತಿತ್ತು.

ಕಡಿಮೆ ಸ್ನಿಗ್ಧತೆಯ ಎಚ್‌ಪಿಎಂಸಿ ಹಾಕಿದ ಮಾತ್ರೆ ನಾಲ್ಕೇ ಗಂಟೆಯಲ್ಲಿ ಸವೆದುಹೋಯಿತು. ಕೊನೆಗೆ ಕೈಹಿಡಿದದ್ದು ಕೆ100ಎಂ ಎಂಬ ದಪ್ಪ ಲೋಳೆಯ ಬಗೆ, ಮಾತ್ರೆಯ ತೂಕದ ಸುಮಾರು ಮೂರನೇ ಒಂದು ಪಾಲು. ಔಷಧವೇ 500 ಮಿಲಿಗ್ರಾಂ, ಅದರ ಮೇಲೆ ಇಷ್ಟೆಲ್ಲ ಸೇರಿದರೆ ಮಾತ್ರೆ ದೊಡ್ಡದಾಗದೆ ಇನ್ನೇನಾಗುತ್ತದೆ?

ಔಷಧ ಹೊರಬರುವ ವೇಗದ ಪರೀಕ್ಷೆಯೆಂದರೆ 37 ಡಿಗ್ರಿಯಲ್ಲಿ 900 ಮಿಲಿ ಬಫರ್ (ಹುಳಿ-ಕ್ಷಾರದ ಮಟ್ಟ ಬದಲಾಗದ ದ್ರಾವಣ), ಅದರಲ್ಲಿ ತಿರುಗುವ ಪ್ಯಾಡಲ್. ಗಂಟೆ ನೋಡಿಕೊಂಡು 5 ಮಿಲಿ ತೆಗೆದು, ಅಷ್ಟೇ ಹೊಸ ಬಫರ್ ಸುರಿದು, ಅದರಲ್ಲಿ ಕರಗಿದ ಔಷಧವನ್ನು 233 ನ್ಯಾನೋಮೀಟರಿನ ಅತಿನೇರಳೆ ಬೆಳಕಿನಲ್ಲಿ ಅಳೆಯಬೇಕು. ಹಾಸ್ಟೆಲ್ಲಿನ ರಾತ್ರಿಯೂಟ ಎಷ್ಟು ಸಲ ತಪ್ಪಿತೋ ಲೆಕ್ಕವಿಲ್ಲ.

ಒಮ್ಮೆ ಎರಡು ಗಂಟೆ ನೆನೆದ ಮಾತ್ರೆಯನ್ನು ಹೊರತೆಗೆದು ಬ್ಲೇಡಿನಿಂದ ಸೀಳಿದೆ. ನೆನೆಸಿದ ಕಾಮಕಸ್ತೂರಿ ಬೀಜವನ್ನು ನೋಡಿದ್ದೀರಲ್ಲ, ಥೇಟ್ ಹಾಗೆಯೇ: ಸುತ್ತ ಪಾರದರ್ಶಕ ಲೋಳೆ, ನಡುವೆ ಒಣಗಿದ ಬಿಳಿ ತಿರುಳು. ನೀರು ಒಳಗೆ ಹೋಗುವುದೂ ಔಷಧ ಹೊರಗೆ ಬರುವುದೂ ಆ ಲೋಳೆಯನ್ನು ದಾಟಿಯೇ. ಹೊತ್ತು ಕಳೆದಂತೆ ಲೋಳೆ ದಪ್ಪವಾಗಿ ಔಷಧದ ದಾರಿ ಉದ್ದವಾಗುತ್ತದೆ, ವೇಗ ಇಳಿಯುತ್ತದೆ. ಹೊರಬಂದ ಔಷಧ ಕಾಲದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ವಿಜ್ಞಾನಿ ಹಿಗುಚಿ 1961ರಲ್ಲಿ ಕೊಟ್ಟ ಸೂತ್ರವನ್ನು ಅಲ್ಲಿಯವರೆಗೆ ಬಾಯಿಪಾಠ ಮಾಡಿದ್ದೆ. ಅಂದು ಕಣ್ಣಾರೆ ಕಂಡೆ.

ಆ ದೀಪಾವಳಿಗೆ ತೀರ್ಥಹಳ್ಳಿಯ ಸೋದರತ್ತೆಯ ಮನೆಗೆ ಹೋದಾಗ ಅವರು ಇಂಥದ್ದೇ ಎಸ್‌ಆರ್ (ನಿಧಾನವಾಗಿ ಔಷಧ ಬಿಡುವ) ಮಾತ್ರೆಯನ್ನು ಎಲೆಯಡಿಕೆಯ ಕುಟ್ಟಾಣಿಗೆ ಹಾಕಿ ಕುಟ್ಟುತ್ತಿದ್ದರು. ಗಂಟಲಲ್ಲಿ ಇಳಿಯುವುದಿಲ್ಲವಂತೆ. ಹೊಟ್ಟೆ ಕೆಟ್ಟು ವಾರವಾಗಿತ್ತು. ಆಗದೇ ಇರುತ್ತದೆಯೇ, ಇಡೀ ದಿನದ ಔಷಧ ಒಂದೇ ಸಲಕ್ಕೆ ಕರಗಿದರೆ? ಕುಟ್ಟಬೇಡಿ, ರಾತ್ರಿ ಊಟದ ಜೊತೆ ಇಡಿಯಾಗಿ ನುಂಗಿ, ಆಗದಿದ್ದರೆ ಬೇರೆ ಮಾತ್ರೆ ಬರೆದುಕೊಡಲು ಡಾಕ್ಟರನ್ನು ಕೇಳಿ ಎಂದೆ.

ಹದಿನೈದು ದಿನಕ್ಕೆ ಫೋನ್ ಬಂತು. ಹೊಟ್ಟೆ ಸರಿಹೋಗಿತ್ತು, ದೂರು ಬೇರೆ: "ಮಾತ್ರೆ ಹಾಗೆಯೇ ಹೊರಗೆ ಬಂದಿದೆಯಲ್ಲೇ! ಕರಗಿಯೇ ಇಲ್ಲ."

"ಅತ್ತೆ, ಅದು ಬರೀ ಲೋಳೆಯ ಸಿಪ್ಪೆ. ಔಷಧ ನಿಮ್ಮ ಮೈಗೆ ಸೇರಿಯಾಗಿದೆ."

"ಸಿಪ್ಪೆಗೂ ಸೇರಿಸಿಯೇ ದುಡ್ಡು ತೆಗೆದುಕೊಂಡಿದ್ದಾರೆ ಬಿಡು," ಎಂದು ಫೋನ್ ಇಟ್ಟರು.