ಕೂಸು ಎತ್ತಿಕೊಂಡು ಬಂದ ಹುಡುಗಿ

ಯಾದಗಿರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಆಗಿದ್ದೆ. 2022ರ ನವೆಂಬರ್‌ನಲ್ಲಿ ಮಕ್ಕಳ ಗ್ರಾಮಸಭೆ ಕರೆದಿದ್ದೆವು. ಶಾಲೆಗೆ ಕಾಂಪೌಂಡ್ ಬೇಕು, ಶೌಚಾಲಯಕ್ಕೆ ನೀರು ಬೇಕು ಅಂತ ಮಕ್ಕಳು ಕೇಳಿದರು. ಬರೆದುಕೊಂಡೆವು. ಬಾಗಿಲ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ಯೂನಿಫಾರ್ಮ್ ಇಲ್ಲ, ಸೊಂಟದ ಮೇಲೆ ವರ್ಷದ ಕೂಸು.

"ಯಾಕವ್ವ, ಸಾಲಿಗೆ ಹೋಗಂಗಿಲ್ಲೇನು?" ಅಂದೆ.

"ಅವ್ವ ಕೆಲಸಕ್ಕ ಹೋಗ್ತಾಳ್ರೀ ಸರ. ಇವನ್ನ ಯಾರ್ ನೋಡ್ಕೋತಾರ್ರೀ?"

ಅವಳ ಊರಲ್ಲಿ ಶಾಲೆ ಇತ್ತು, ಅಂಗನವಾಡಿ ಇತ್ತು. ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಬರುತ್ತಿತ್ತು. ಅವಳಿಗೆ ಮಾತ್ರ ಅದರಲ್ಲಿ ಒಂದೂ ಸಿಗುತ್ತಿರಲಿಲ್ಲ. ಅವತ್ತು ಸಂಜೆ ಪಂಚಾಯಿತಿಯ ಹಿಂದಿನ ವರ್ಷದ ಕ್ರಿಯಾ ಯೋಜನೆ ತೆಗೆದು ನೋಡಿದೆ. ಸಿಸಿ ರಸ್ತೆ, ಚರಂಡಿ, ಬೀದಿ ದೀಪ. ಮಕ್ಕಳಿಗೆ ಅಂತ ಇದ್ದದ್ದು ಅಂಗನವಾಡಿಗೆ ಬಣ್ಣ. ಆ ಯೋಜನೆಗೆ ಸಹಿ ಹಾಕಿದವನು ನಾನೇ.

ಕೇಂದ್ರ ಸರ್ಕಾರದ ನೀತಿ ಆಯೋಗದ 'ಬಹು ಆಯಾಮದ ಬಡತನ'ದ ಲೆಕ್ಕದಲ್ಲಿ ಬಡತನ ಅಂದರೆ ಬರೀ ದುಡ್ಡಿಲ್ಲದಿರುವುದಲ್ಲ. ಪೌಷ್ಟಿಕತೆ, ಶಾಲೆಗೆ ಹೋಗುವುದು, ಕುಡಿಯುವ ನೀರು, ಶೌಚಾಲಯ ಹೀಗೆ 12 ಅಂಶಗಳಿವೆ. ಆ ಪ್ರಕಾರ ಕರ್ನಾಟಕದಲ್ಲಿ ಬಡವರ ಪಾಲು 2015-16ರಲ್ಲಿ ಶೇ 12.77 ಇದ್ದದ್ದು 2019-21ರಲ್ಲಿ ಶೇ 7.58ಕ್ಕೆ ಇಳಿಯಿತು. ನಮ್ಮ ಜಿಲ್ಲೆ ಆ ಸರಾಸರಿಗಿಂತ ತುಂಬಾ ಹಿಂದೆ. ಹಾಗಾಗಿ ಮೊದಲು ಹೆಸರು ಹಿಡಿದು ಮಕ್ಕಳನ್ನು ಹುಡುಕೋಣ, ಆಮೇಲೆ ಯೋಜನೆ ಬರೆಯೋಣ ಅಂದುಕೊಂಡೆವು.

ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಉದ್ಯೋಗ ಖಾತ್ರಿ ಕೆಲಸಕ್ಕೆ ಜನರಿಗೆ ನೆರವಾಗುವ ಕಾಯಕ ಮಿತ್ರ ಎಲ್ಲರೂ ಒಟ್ಟಿಗೆ ಕೂತೆವು. ಅಂಗನವಾಡಿ ರಿಜಿಸ್ಟರ್, ಶಾಲೆಯ ದಾಖಲಾತಿ, ನರೇಗಾ (ಉದ್ಯೋಗ ಖಾತ್ರಿ) ಜಾಬ್ ಕಾರ್ಡ್ ಪಟ್ಟಿ, ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆವು. ಜಾಬ್ ಕಾರ್ಡ್ ಇರುವ ಮನೆಯ ಮಗು ಉಳಿದೆರಡರಲ್ಲಿ ಇಲ್ಲದಿದ್ದರೆ ಆ ಮನೆಗೆ ಹೋಗಬೇಕು. ಅದೂ ಸಂಜೆ. ಹಗಲು ಹೋದರೆ ಬೀಗ ನೋಡಿ ಬರಬೇಕಷ್ಟೇ.

ಕೆಲವು ಮಕ್ಕಳಿಗೆ ಜನನ ಪ್ರಮಾಣಪತ್ರವೇ ಇರಲಿಲ್ಲ. ವರ್ಷ ದಾಟಿದ ಜನನವನ್ನು ನೋಂದಾಯಿಸಲು ಆಗ ಕೋರ್ಟಿನ ಆದೇಶ ಬೇಕಿತ್ತು. ಒಂದು ದಿನದ ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಅಂಥವರನ್ನೆಲ್ಲ ಒಂದೇ ದಿನ ಸೇರಿಸಿ ಕರೆದುಕೊಂಡು ಹೋದೆವು.

ಗುಳೆ ಹೋಗುವವರದು ಇನ್ನೂ ಕಷ್ಟ. ದೀಪಾವಳಿ ಮುಗಿದರೆ ಬೆಂಗಳೂರು, ಪುಣೆ ಅಂತ ಹೊರಡುತ್ತಾರೆ. ಎಷ್ಟೋ ಜನ ಯುಗಾದಿಗೇ ವಾಪಸ್. ನಾವು ನರೇಗಾ ಕೆಲಸ ಜಾಸ್ತಿ ತೆರೆಯುತ್ತಿದ್ದದ್ದು ಬೇಸಿಗೆಯಲ್ಲಿ. ಮುಂದಿನ ವರ್ಷ ಕೆರೆ ಹೂಳೆತ್ತುವುದನ್ನು ದೀಪಾವಳಿಗೆ ಮುಂಚೆಯೇ ಶುರು ಮಾಡಿದೆವು. ಒಂದಷ್ಟು ಮನೆಯವರು ಉಳಿದರು. ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡವರು ಹೋಗಲೇಬೇಕಾಯಿತು.

ಕೂಸಿನ ವಿಷಯಕ್ಕೆ ಬರುತ್ತೇನೆ. ಕೆಲಸದ ಜಾಗದಲ್ಲಿ ಐದು ಸಣ್ಣ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಬಿಟ್ಟು, ಅವಳಿಗೂ ಕೂಲಿ ಕೊಡಬೇಕೆಂದು ನರೇಗಾ ನಿಯಮದಲ್ಲೇ ಇತ್ತು. ಅದನ್ನೂ ನಾವು ಮಾಡಿರಲಿಲ್ಲ. ಅಲ್ಲಿಂದ ಶುರು ಮಾಡಿದೆವು. 2023-24ರಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ಯೋಜನೆ ಬಂದಾಗ ಹಳೆಯ ಕಟ್ಟಡದ ಒಂದು ಕೋಣೆ ರಿಪೇರಿ ಮಾಡಿಸಿದೆವು. ಊರಿನ ಹೆಂಗಸರೇ ಆರೈಕೆದಾರರು. ಆಗ ದಿನಕ್ಕೆ 316 ರೂಪಾಯಿ ಕೂಲಿ.

ಮೊದಲ ವಾರ ಯಾರೂ ಕೂಸು ಬಿಡಲಿಲ್ಲ. ತಾಯಂದಿರನ್ನೇ ಕೇಳಿದೆವು. ಬೇಸಿಗೆಯಲ್ಲಿ ತಂಪು ಹೊತ್ತಿನಲ್ಲೇ ಕೆಲಸಕ್ಕೆ ಹೋಗಬೇಕು, ನೀವು ಬಾಗಿಲು ತೆಗೆಯುವ ಹೊತ್ತಿಗೆ ನಾವು ಕೆರೆಯಲ್ಲಿರುತ್ತೇವೆ ಅಂದರು. ಬಾಗಿಲನ್ನು ಬೇಗ ತೆಗೆಸಿದೆವು. ಆಮೇಲೆ ಒಂದೊಂದೇ ತೊಟ್ಟಿಲು ತುಂಬಿತು.

ಆ ಹುಡುಗಿ ಶಾಲೆಗೆ ಸೇರಿದಳು. ವಯಸ್ಸಿಗೆ ನಾಲ್ಕನೇ ತರಗತಿ, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಸಂಜೆ ಮೇಷ್ಟ್ರು ಪಂಚಾಯಿತಿ ಗ್ರಂಥಾಲಯದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ನನಗೆ ವರ್ಗವಾದಾಗ, ಶಾಲೆ, ಅಂಗನವಾಡಿಯಿಂದ ಹೊರಗುಳಿದವರ ಪಟ್ಟಿಯಲ್ಲಿ ಇನ್ನೂ ನಾಲ್ಕು ಮಕ್ಕಳ ಹೆಸರಿತ್ತು. ಹೊಸದಾಗಿ ಬಂದ ಪಿಡಿಒ ಮೇಡಂ ಜೊತೆ ಆ ನಾಲ್ಕೂ ಮನೆಗೆ ಹೋಗಿ, ಪಟ್ಟಿ ಅವರ ಕೈಗೆ ಕೊಟ್ಟು ಬಂದೆ.