ಕಣ್ಣಿನ ನಾಳ ನೋಡಿ ಕಿಡ್ನಿ ರೋಗ ಹಿಡಿದದ್ದು: ನನ್ನ ಅನುಭವ

ತಾಲೂಕು ಕೇಂದ್ರದ ಕಣ್ಣಿನ ಚಿಕಿತ್ಸಾಲಯದಲ್ಲಿ ಕುಳಿತು ಕಿಡ್ನಿ ರೋಗ ಹುಡುಕಲು ಹೊರಟವನಿಗೆ ‘ಆಗದ ಕೆಲಸ’ ಎಂದು ಹೇಳದ ಸ್ನೇಹಿತರಿಲ್ಲ. ಕೆಲಸ ಆಗಿದೆ. ಮೂರು ವರ್ಷ ದಾಟಿದೆ, ಒಂದು ವರ್ಷದಿಂದ ಕೈಯಿಂದ ಹಣ ಹಾಕದೆ ನಡೆಯುತ್ತಿದೆ. ತಿಪಟೂರು, ಅರಸೀಕೆರೆ ಸುತ್ತಲಿನ ತೆಂಗಿನ ಸೀಮೆಯ ಜನ ನನ್ನಲ್ಲಿಗೆ ಕನ್ನಡಕಕ್ಕೆಂದು, ಪೊರೆಗೆಂದು ಬರುತ್ತಾರೆ. ಅವರಲ್ಲಿ ಯಾರ ಮೂತ್ರವನ್ನು ಅಂದೇ ಪರೀಕ್ಷೆಗೆ ಕಳುಹಿಸಬೇಕು ಎಂಬುದನ್ನು ಅಕ್ಷಿಪಟದ (ಕಣ್ಣಿನ ಹಿಂಭಾಗದ ಪರದೆ, ರೆಟಿನಾ) ರಕ್ತನಾಳಗಳನ್ನು ನೋಡಿ ತೀರ್ಮಾನಿಸುತ್ತೇನೆ.

ಇದರಲ್ಲಿ ಹೊಸ ಶೋಧ ಏನೂ ಇಲ್ಲ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣಿನ ಒಳಗನ್ನು ನೋಡುವ ಆಫ್ತಾಲ್ಮೋಸ್ಕೋಪನ್ನು ಜಗತ್ತಿಗೆ ಕೊಟ್ಟ ಕೆಲವೇ ವರ್ಷಗಳಲ್ಲಿ, ಕಿಡ್ನಿ ಕೆಟ್ಟು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹೋಗುವವರ ಕಣ್ಣಿನೊಳಗಿನ ಬದಲಾವಣೆಗೆ ವೈದ್ಯರು ಹೆಸರನ್ನೂ ಇಟ್ಟಿದ್ದರು. ಹೊಸದೇನಿದ್ದರೂ ಅದನ್ನು ದಿನಕ್ಕೆ ಎಂಬತ್ತು ರೋಗಿಗಳು ಬರುವ ಜಾಗದಲ್ಲಿ ಮಾಡುವುದು ಹೇಗೆ ಎಂಬುದರಲ್ಲಿದೆ.

ಮೊದಲು ಆಕ್ಷೇಪಗಳು. ರೆಟಿನಾ ತಜ್ಞನಾದ ಗೆಳೆಯನೊಬ್ಬ, ಅಪಧಮನಿ ವಯಸ್ಸಿನಿಂದಲೂ ಕಿರಿದಾಗುತ್ತದೆ, ಬಿ.ಪಿ.ಯಿಂದಲೂ ಕಿರಿದಾಗುತ್ತದೆ, ಅದರಿಂದ ಕಿಡ್ನಿಯ ಬಗ್ಗೆ ಏನು ಹೇಳುತ್ತೀಯ ಎಂದು ಕೇಳಿದ. ಜಿಲ್ಲಾ ಕೇಂದ್ರದ ನೆಫ್ರಾಲಜಿಸ್ಟ್ (ಕಿಡ್ನಿ ವೈದ್ಯ) ಒಬ್ಬರು, ಟೈಪ್ 2 ಸಕ್ಕರೆ ಕಾಯಿಲೆಯವರೆಲ್ಲರಿಗೂ ವರ್ಷಕ್ಕೊಮ್ಮೆ, ಮೂತ್ರದ ಅಲ್ಬುಮಿನ್ ಅಳೆಯುವ ಎಸಿಆರ್ ಪರೀಕ್ಷೆ ಮಾಡಿಸಬೇಕೆಂಬ ನಿಯಮವೇ ಇರುವಾಗ ಕಣ್ಣಿನ ಉಸಾಬರಿ ಏಕೆ ಎಂದರು. ಪುಸ್ತಕದ ಪ್ರಕಾರ ಇಬ್ಬರ ಮಾತೂ ಸರಿ. ಆದರೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿರುವವರನ್ನು ನಾನು ಕೂರಿಸಿಕೊಂಡು ಕೇಳಿದ್ದೇನೆ. ಒಮ್ಮೆಯಾದರೂ ಮೂತ್ರದ ಅಲ್ಬುಮಿನ್ ನೋಡಿಸಿಕೊಂಡವರು ನೂರಕ್ಕೆ ಹತ್ತು ಮಂದಿ ಸಿಕ್ಕರೆ ಹೆಚ್ಚು. ಸಕ್ಕರೆ ಕಾಯಿಲೆಯೇ ಇಲ್ಲದೆ ಬಿ.ಪಿ. ಮಾತ್ರ ಇರುವವರನ್ನಂತೂ ಕೇಳುವವರೇ ಇಲ್ಲ. ಮಂಡಿ ನೋವಿಗೆ ವರ್ಷಗಟ್ಟಲೆ, ಕಿಡ್ನಿಗೆ ಪೆಟ್ಟು ಕೊಡಬಲ್ಲ ಡೈಕ್ಲೋಫಿನ್ಯಾಕ್ ಮಾತ್ರೆ ತಿನ್ನುವವರೂ ಇವರೇ.

ಮೊದಲ ವರ್ಷ ಪೂರ್ತಿ ದಂಡವಾಯಿತು. ಅಕ್ಷಿಪಟದ ಚಿತ್ರ ತೆಗೆಯುವ ಹಳೆಯ ಟೇಬಲ್ ಫಂಡಸ್ ಕ್ಯಾಮೆರಾವನ್ನು ಎರಡು ಲಕ್ಷದ ಮೇಲೆ ಕೊಟ್ಟು ತಂದೆ. ಕೆಲವೇ ತಿಂಗಳಲ್ಲಿ ಅದರ ಫ್ಲ್ಯಾಶ್ ಕೈಕೊಟ್ಟಿತು, ದುರಸ್ತಿಗೆ ನಲವತ್ತು ಸಾವಿರ ಕೇಳಿದರು. ಅಪಧಮನಿ ಮತ್ತು ಅಭಿಧಮನಿಯ ಅಗಲದ ಅನುಪಾತ ಅಳೆಯುತ್ತೇನೆಂದು ಕಂಪ್ಯೂಟರಿನ ಮುಂದೆ ಕುಳಿತೆ. ಒಂದು ಚಿತ್ರಕ್ಕೆ ಅರ್ಧ ಗಂಟೆ. ಬೆಳಿಗ್ಗೆ ನಾನು ಅಳೆದ ಕಣ್ಣನ್ನೇ ಸಂಜೆ ತಂತ್ರಜ್ಞ ಅಳೆದರೆ ಬೇರೆ ಅಂಕಿ. ಪೊರೆ ಸ್ವಲ್ಪ ಇದ್ದರೆ ನಾಳದ ಅಂಚೇ ಕಾಣುವುದಿಲ್ಲ. ಸಿಂಗಪುರದ ಸಂಶೋಧಕರು 2020ರಲ್ಲಿ ಅಕ್ಷಿಪಟದ ಚಿತ್ರಗಳಿಂದಲೇ ದೀರ್ಘಕಾಲದ ಕಿಡ್ನಿ ರೋಗವನ್ನು ಗುರುತಿಸುವ ಕೃತಕ ಬುದ್ಧಿಮತ್ತೆಯ ಕೆಲಸ ಪ್ರಕಟಿಸಿದ್ದಾರೆ, ನಿಜ. ಅವರ ಹಿಂದೆ ಸಾವಿರಾರು ಚಿತ್ರಗಳ ಭಂಡಾರವಿದೆ. ಸಣ್ಣ ಚಿಕಿತ್ಸಾಲಯದಲ್ಲಿ ಅಗಲ ಅಳೆಯಲು ಹೋಗುವವರಿಗೆ ನನ್ನ ಸಲಹೆ ಒಂದೇ: ಹೋಗಬೇಡಿ.

ಅಳತೆ ಬಿಟ್ಟು ಕಣ್ಣಿಗೆ ಹೊಡೆದು ಕಾಣುವ ಗುರುತುಗಳನ್ನು ಮಾತ್ರ ಹಿಡಿದುಕೊಂಡ ಮೇಲೆ ದಾರಿ ತೆರೆಯಿತು. ಜ್ವಾಲೆಯಾಕಾರದ ರಕ್ತಸ್ರಾವ, ಹತ್ತಿಯಂಥ ಬಿಳಿ ಚುಕ್ಕೆ, ಗಟ್ಟಿ ಎಕ್ಸುಡೇಟ್ (ನಾಳದಿಂದ ಸೋರಿ ಉಳಿದ ಹಳದಿ ಕಲೆ), ಮೈಕ್ರೋಅನ್ಯುರಿಸಂ (ಸಣ್ಣ ನಾಳದ ಉಬ್ಬು) ಇವುಗಳಲ್ಲಿ ಯಾವುದೊಂದು ಇದ್ದರೂ ಸಾಕು. ಅಪಧಮನಿ ದಾಟುವಲ್ಲಿ ಅಭಿಧಮನಿ ಚಿವುಟಿದಂತೆ ಕಾಣುವುದು ಎರಡು ಕಡೆಯಾದರೂ ಇರಬೇಕು. ಐವತ್ತು ದಾಟಿದವರಲ್ಲಿ ಬರೀ ನಾಳ ಕಿರಿದಾಗಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲೇ ತಯಾರಾದ, ಮೊಬೈಲ್ ಜೋಡಿಸಿ ಬಳಸುವ ಕೈ ಕ್ಯಾಮೆರಾ ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ.

ಆದರೂ ರೋಗಿಗಳು ಕೈತಪ್ಪುತ್ತಿದ್ದರು. ಚಿತ್ರ ನೋಡಿ, ನಾಳೆ ಮೂತ್ರ ತನ್ನಿ ಎಂದರೆ ಹತ್ತರಲ್ಲಿ ಇಬ್ಬರು ಬಂದರೆ ಪುಣ್ಯ. ಕೊನೆಗೆ ಕ್ರಮವನ್ನೇ ತಿರುಗಿಸಿದೆ. ನಲವತ್ತು ದಾಟಿದ ಪ್ರತಿಯೊಬ್ಬರಿಗೂ ಮೊದಲು ಬಿ.ಪಿ., ಆಮೇಲೆ ಕಣ್ಣಿಗೆ ಹನಿ, ಹನಿಯ ಜೊತೆಗೇ ಕೈಗೊಂದು ಮೂತ್ರದ ಡಬ್ಬಿ. ಪಾಪೆ ಹಿಗ್ಗಲು ಹೇಗೂ ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಮಾದರಿ ಬಂದು ಕುಳಿತಿರುತ್ತದೆ. ಚಿತ್ರದಲ್ಲಿ ಗುರುತಿದ್ದರೆ ಡಬ್ಬಿ ಪ್ರಯೋಗಾಲಯಕ್ಕೆ, ಇಲ್ಲದಿದ್ದರೆ ಚೆಲ್ಲುವುದು. ಸಕ್ಕರೆ ಕಾಯಿಲೆಯವರದ್ದು ಮಾತ್ರ ಕಣ್ಣು ಹೇಗೇ ಇರಲಿ, ಹೋಗುತ್ತದೆ. ಬಿ.ಪಿ.ಯನ್ನು ಹನಿಗೆ ಮೊದಲೇ ನೋಡುವುದಕ್ಕೆ ಕಾರಣವಿದೆ: ನಮ್ಮ ಸಾಮಾನ್ಯ ಹನಿಯಲ್ಲಿ ಬಿ.ಪಿ. ಏರಿಸಬಲ್ಲ ಫಿನೈಲ್‌ಎಫ್ರಿನ್ ಇರುತ್ತದೆ. ಮೇಲಿನ ಅಂಕಿ 180 ದಾಟಿದವರಿಗೆ ಅದಿಲ್ಲದ, ಬರೀ ಟ್ರಾಪಿಕಮೈಡ್ ಹನಿ ಹಾಕುತ್ತೇನೆ.

ಹಳೆಯ ಸಕ್ಕರೆ ಕಾಯಿಲೆಯವರ ಪಾಪೆ ಹಿಗ್ಗದೆ ಸತಾಯಿಸುತ್ತದಲ್ಲ, ಅವರ ಚಿತ್ರ ತೆಗೆಯಲು ನನ್ನದೇ ಒಂದು ಉಪಾಯವಿದೆ. ಅದನ್ನು ಬರೆದು ತಿಳಿಸಲಾಗದು, ಬಂದು ನೋಡಿದವರಿಗೆ ತೋರಿಸುತ್ತೇನೆ.

ಕ್ಯಾಮೆರಾಕ್ಕಿಂತ ಹೆಚ್ಚು ಫಲ ಕೊಟ್ಟ ಖರ್ಚು ಶೌಚಾಲಯದ್ದು. ಹೆಂಗಸರು ಡಬ್ಬಿ ಹಿಡಿದು ಹಾಗೇ ಕುಳಿತಿರುತ್ತಿದ್ದರು. ಅವರಿಗೆ ಬೇರೆ ಶೌಚಾಲಯ ಕಟ್ಟಿಸಲು ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ಮರುವಾರದಿಂದಲೇ ಮಾದರಿಗಳು ದುಪ್ಪಟ್ಟಾದವು. ಎಸಿಆರ್‌ಗೆ ಹೊರಗೆ ನಾನೂರರವರೆಗೆ ಕೇಳುತ್ತಾರೆ. ತಿಂಗಳಿಗೆ ಇಷ್ಟು ಮಾದರಿ ಕೊಡುತ್ತೇನೆಂದು ಒಪ್ಪಿ ಇನ್ನೂರರ ಆಸುಪಾಸಿಗೆ ಇಳಿಸಿಕೊಂಡೆ. ರೋಗಿಯಿಂದ ನೂರೈವತ್ತು, ಉಳಿದದ್ದು ಕನ್ನಡಕದ ಅಂಗಡಿಯ ಲಾಭದಿಂದ. ಮೂತ್ರದಲ್ಲಿ ಅದ್ದಿ ನೋಡುವ ಹತ್ತು ರೂಪಾಯಿಯ ಪಟ್ಟಿಯಲ್ಲೇ ನೋಡಿದರಾಗದೆ ಎಂದು ಕೇಳುವವರಿದ್ದಾರೆ. ಆಗದು. ಸಾಮಾನ್ಯ ಪಟ್ಟಿ ದೊಡ್ಡ ಸೋರಿಕೆಯನ್ನು ಹಿಡಿಯುತ್ತದೆ; ಸೋರಿಕೆ ಇನ್ನೂ ಸಣ್ಣದಾಗಿರುವ, ಎಸಿಆರ್ 30ರಿಂದ 300ರ ನಡುವಿನವರಲ್ಲಿ ಬಹಳಷ್ಟು ಮಂದಿ ತಪ್ಪಿಸಿಕೊಳ್ಳುತ್ತಾರೆ. ನಮಗೆ ಬೇಕಾದವರು ಅವರೇ.

ನೆನಪಿನಿಂದ ಹೇಳುವ ಅಂಕಿಗಳಿವು. ಮೂರು ಸಾವಿರದಷ್ಟು ಜನರ ಚಿತ್ರ ತೆಗೆದಿದ್ದೇವೆ, ಐನೂರು ಚಿಲ್ಲರೆ ಮಂದಿಯಲ್ಲಿ ಗುರುತು ಕಂಡಿತು. ಅವರಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಜನರ ಎಸಿಆರ್ 30 ದಾಟಿತ್ತು. ಜ್ವರ, ಮೂತ್ರದ ಸೋಂಕು, ಮುಟ್ಟು ಇದ್ದವರನ್ನು ಬಿಟ್ಟು, ಮೂರು ತಿಂಗಳ ಮೇಲೆ ಬೆಳಗಿನ ಮೊದಲ ಮೂತ್ರ ಮತ್ತು ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ಏರುವ ಅಂಶ) ನೋಡಿದಾಗ ನೂರಿಪ್ಪತ್ತರಷ್ಟು ಜನ ಗಟ್ಟಿಯಾಗಿ ಉಳಿದರು. ಸಕ್ಕರೆ ಕಾಯಿಲೆ ಇಲ್ಲದ, ಕಣ್ಣೂ ಚೊಕ್ಕವಾಗಿದ್ದ ಸುಮಾರು ನೂರು ಜನರ ಮೂತ್ರವನ್ನೂ ಹೋಲಿಕೆಗೆಂದು ಕಳುಹಿಸಿದ್ದೆ. ಏಳೆಂಟು ಜನರಲ್ಲಿ ಅಲ್ಬುಮಿನ್ ಸಿಕ್ಕಿತು. ಕಣ್ಣು ಚೆನ್ನಾಗಿದೆ ಎಂದು ಯಾರ ಕಿಡ್ನಿಗೂ ನಾನು ಪ್ರಮಾಣಪತ್ರ ಕೊಡುವುದಿಲ್ಲ.

ಒಬ್ಬ ಲಾರಿ ಚಾಲಕ. ನಲವತ್ತೆರಡು ವರ್ಷ, ಸಕ್ಕರೆ ಕಾಯಿಲೆ ಇಲ್ಲ, ಬಂದದ್ದು ಓದುವ ಕನ್ನಡಕಕ್ಕೆ. ಬಲಗಣ್ಣಿನಲ್ಲಿ ಡಿಸ್ಕಿನಿಂದ (ಕಣ್ಣಿನ ನರ ಹೊರಡುವ ಜಾಗ) ಸ್ವಲ್ಪ ಮೇಲೆ, ತಾಮ್ರದ ತಂತಿಯಂತೆ ಹೊಳೆಯುವ ಅಪಧಮನಿಯ ಕೆಳಗೆ ಅಭಿಧಮನಿ ಎರಡೂ ಬದಿ ಮೊನಚಾಗಿ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಪಕ್ಕದಲ್ಲಿ ಅಂಚು ಮಸುಕಾದ ಒಂದು ಬಿಳಿ ಚುಕ್ಕೆ. ಬಿ.ಪಿ. 190ರ ಮೇಲೆ, ಕ್ರಿಯಾಟಿನಿನ್ ಮೂರರ ಹತ್ತಿರ. ಚಿತ್ರ ತೋರಿಸಿದಾಗ, ‘ಇದು ನನ್ನದೇ ಕಣ್ಣೇ, ಡಾಕ್ಟರೇ?’ ಎಂದು ಎರಡು ಸಲ ಕೇಳಿದ. ಆ ಚಿತ್ರ ಮೊಬೈಲಿನಲ್ಲಿ ಇಟ್ಟುಕೊಂಡು ಮರುದಿನವೇ ಹಾಸನಕ್ಕೆ ಹೋದ. ಕ್ರಿಯಾಟಿನಿನ್ ಅಂಕಿ ಹೇಳಿದರೆ ಯಾರೂ ಹೋಗುವುದಿಲ್ಲ, ತಮ್ಮ ಕಣ್ಣಿನ ಚಿತ್ರ ನೋಡಿದರೆ ಹೋಗುತ್ತಾರೆ. ಇದನ್ನು ನಾನು ಪದೇ ಪದೇ ಕಂಡಿದ್ದೇನೆ.

ಇನ್ನೊಂದು ಲಾಭವನ್ನು ನಾನು ಎಣಿಸಿಯೇ ಇರಲಿಲ್ಲ. ಎರಡೂ ಕಣ್ಣಿನ ಮ್ಯಾಕ್ಯುಲಾ (ಅಕ್ಷಿಪಟದ ನಡುಭಾಗ) ಒಟ್ಟಿಗೆ ಊದಿದವರಿಗೆ ಚುಚ್ಚುಮದ್ದಿನ ಮೇಲೆ ಚುಚ್ಚುಮದ್ದು ಹಾಕಿದರೂ ನೀರು ಇಳಿಯದ ಪ್ರಕರಣಗಳು ಕಣ್ಣಿನ ವೈದ್ಯರಿಗೆಲ್ಲ ಗೊತ್ತು. ಈಗ ಅಂಥವರ ಪಾದದ ಬಾವು, ಕ್ರಿಯಾಟಿನಿನ್ ಮೊದಲು ನೋಡುತ್ತೇನೆ. ಮೈಯಲ್ಲಿ ನೀರು ನಿಲ್ಲಿಸಬಲ್ಲ ಸಕ್ಕರೆ ಕಾಯಿಲೆಯ ಮಾತ್ರೆ ಪಯೋಗ್ಲಿಟಾಜೋನ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳುತ್ತೇನೆ. ಶಾಲಾ ಶಿಕ್ಷಕಿಯೊಬ್ಬರ ಮೈಯ ನೀರನ್ನು ಕಿಡ್ನಿ ವೈದ್ಯರು ಮಾತ್ರೆಯಿಂದ ಇಳಿಸಿದ ಮೇಲೆ ಓಸಿಟಿಯಲ್ಲಿ (ಅಕ್ಷಿಪಟದ ಪದರಗಳನ್ನು ತೋರಿಸುವ ಸ್ಕ್ಯಾನ್) ಎರಡೂ ಕಡೆ ಊತ ಅರ್ಧಕ್ಕಿಂತ ಕಡಿಮೆಯಾಗಿತ್ತು. ಚುಚ್ಚುಮದ್ದು ತಪ್ಪಿ ಅವರಿಗೆ ಉಳಿದ ಹಣದಲ್ಲಿ ನಮ್ಮ ಎಷ್ಟೋ ಎಸಿಆರ್ ಆಗುತ್ತಿದ್ದವು. ಸಕ್ಕರೆಯವರ ಕಣ್ಣಿಗೆಂದು ಫೀನೋಫೈಬ್ರೇಟ್ (ಕೊಬ್ಬು ಇಳಿಸುವ ಮಾತ್ರೆ) ಬರೆಯುವವರು ಕಿಡ್ನಿ ವೈದ್ಯರಿಗೆ ಒಂದು ಚೀಟಿ ಬರೆದು ಕೊಡಿ. ಅದು ಕ್ರಿಯಾಟಿನಿನ್ ಅನ್ನು ಸ್ವಲ್ಪ ಏರಿಸುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಹೇಳದೆ ಕೊಟ್ಟರೆ ಅಲ್ಲಿ ಗಾಬರಿ.

ಅಕ್ಷಿಪಟದ ಹಿಂದಿನ ರಕ್ತನಾಳದ ಪದರವಾದ ಕೋರಾಯ್ಡ್ ಕಡೆಗೂ ಸ್ವಲ್ಪ ದಿನ ಮನಸ್ಸು ಹರಿಯಿತು. ಕಿಡ್ನಿ ರೋಗದಲ್ಲಿ ಕೋರಾಯ್ಡ್ ತೆಳುವಾಗುತ್ತದೆ, ಕಿಡ್ನಿ ಕಸಿಯಾದ ಮೇಲೆ ಮತ್ತೆ ದಪ್ಪವಾಗುತ್ತದೆ ಎಂದು ಎಡಿನ್‌ಬರೋದ ತಂಡ 2023ರಲ್ಲಿ ತೋರಿಸಿದೆ. ಗೆಳೆಯನ ಓಸಿಟಿಯಲ್ಲಿ ಡಯಾಲಿಸಿಸ್‌ನ ಹಿಂದೆ ಮುಂದೆ ಹದಿನೈದಿಪ್ಪತ್ತು ಜನರನ್ನು ಅಳೆದು ನೋಡಿದೆ. ಹೆಚ್ಚಿನವರಲ್ಲಿ ನೀರು ತೆಗೆದ ಮೇಲೆ ದಪ್ಪ ಇಳಿದಿತ್ತು. ಆದರೆ ಬೆಳಿಗ್ಗೆಗೂ ಸಂಜೆಗೂ ಕೋರಾಯ್ಡ್ ತಾನಾಗಿಯೇ ಬದಲಾಗುತ್ತದೆ, ಮೈನಸ್ ಕನ್ನಡಕದವರಲ್ಲಿ ಮೊದಲೇ ತೆಳು. ಹಾಸಿಗೆ ಸಿಕ್ಕ ಹೊತ್ತಿಗೆ ಡಯಾಲಿಸಿಸ್ ಆಗುವಲ್ಲಿ ಒಂದೇ ಹೊತ್ತಿಗೆ ಅಳೆಯಲು ಆಗಲಿಲ್ಲ, ಬಿಟ್ಟೆ. ಅದೇ ಜನರಲ್ಲಿ ಸ್ಲಿಟ್ ಲ್ಯಾಂಪ್ ಸೂಕ್ಷ್ಮದರ್ಶಕದಡಿ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಅಂಚಿಗೆ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ, ಸುಣ್ಣದ ಪುಡಿ ಉದುರಿಸಿದಂಥ ಕ್ಯಾಲ್ಸಿಯಂ ಚುಕ್ಕೆಗಳು ಕಂಡವು. ಕಣ್ಣು ಕೆಂಪಾಗಿ ಚುಚ್ಚುತ್ತದೆ ಎನ್ನುವ ಡಯಾಲಿಸಿಸ್ ರೋಗಿಗೆ ಹನಿ ಬರೆಯುವ ಮೊದಲು ಅವರ ರಕ್ತದ ಫಾಸ್ಫರಸ್ ಎಷ್ಟಿದೆ ಎಂದು ಕೇಳಿ; ಅದು ಏರಿದರೆ ಇಂಥ ಚುಕ್ಕೆಗಳು ಕೂರುತ್ತವೆ.

ರೋಗ ಪತ್ತೆಯಾದ ಮೇಲೆ ಮಾಡುವುದೇನು ಎಂಬ ಪ್ರಶ್ನೆಯೂ ಬಂದಿತ್ತು. ಕಿಡ್ನಿ ಕಾಯುವ ಬಿ.ಪಿ. ಮಾತ್ರೆ ಟೆಲ್ಮಿಸಾರ್ಟಾನ್ ಮೊದಲೇ ಅಗ್ಗ. ಪೇಟೆಂಟ್ ಮುಗಿದು 2020ರ ಕೊನೆಗೆ ಸಕ್ಕರೆಗೂ ಕಿಡ್ನಿಗೂ ಕೊಡುವ ಡಪಾಗ್ಲಿಫ್ಲೋಜಿನ್ ಬೆಲೆಯೂ ಇಳಿಯಿತು. ಹತ್ತು ವರ್ಷದ ಹಿಂದೆ ಇದೇ ಕೆಲಸಕ್ಕೆ ಇಷ್ಟು ಅರ್ಥವಿರುತ್ತಿರಲಿಲ್ಲ.

ಕಣ್ಣಿನ ಉಸಾಬರಿ ಏಕೆ ಎಂದಿದ್ದ ನೆಫ್ರಾಲಜಿಸ್ಟ್ ಈಗ ತಿಂಗಳಿಗೆ ಐದಾರು ಮಂದಿಯನ್ನು ನನ್ನಲ್ಲಿಗೆ ಕಳುಹಿಸುತ್ತಾರೆ. ಟೈಪ್ 2 ಸಕ್ಕರೆ ಕಾಯಿಲೆ ಇದ್ದು ಪ್ರೋಟೀನ್ ವಿಪರೀತ ಹೋಗುತ್ತಿರುವವರಿಗೆ ಬಯಾಪ್ಸಿ (ಕಿಡ್ನಿಯ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಬೇಕೇ ಬೇಡವೇ ಎಂದು ಯೋಚಿಸುವಾಗ ಅವರಿಗೆ ಅಕ್ಷಿಪಟದ ವರದಿ ಬೇಕು. ಕಣ್ಣಿನಲ್ಲಿ ಸಕ್ಕರೆಯ ಗುರುತೇ ಇಲ್ಲದಿದ್ದರೆ ಕಿಡ್ನಿಗೆ ಬೇರೆ ಕಾಯಿಲೆ ಇರಬಹುದೆಂಬ ಅನುಮಾನ ಬಲವಾಗುತ್ತದೆ. ಗುರುತು ಇದೆ ಎಂದ ಮಾತ್ರಕ್ಕೆ ಸಕ್ಕರೆಯೇ ಕಾರಣ ಎನ್ನಲಾಗದು. ಹೀಗೆ ಬಂದ ಒಬ್ಬ ಯುವಕನ ಎರಡೂ ಕಣ್ಣು ಚೊಕ್ಕವಾಗಿದ್ದವು, ಒಂದು ಮೈಕ್ರೋಅನ್ಯುರಿಸಂ ಕೂಡ ಇರಲಿಲ್ಲ. ಹಾಗೆಂದು ಬರೆದು ಕಳುಹಿಸಿದೆ. ಬಯಾಪ್ಸಿಯಲ್ಲಿ ಸಕ್ಕರೆಗೆ ಸಂಬಂಧವಿಲ್ಲದ ಐಜಿಎ ನೆಫ್ರೋಪತಿ ಎಂಬ ಕಿಡ್ನಿ ರೋಗ ಬಂತು, ಚಿಕಿತ್ಸೆಯ ದಿಕ್ಕೇ ಬದಲಾಯಿತು.